ಮನೆಯಿಂದ ಹೊರಬರಲಾಗದವರನ್ನು ನಮ್ಮ ಊರಿನ ಹಾಡಿನ ಗುಂಪಿಗೆ ಆನ್‌ಲೈನ್‌ನಲ್ಲಿ ಸೇರಿಸಿಕೊಳ್ಳುವುದು ಹೇಗೆ?

ಖಂಡಿತ ಸೇರಿಸಿಕೊಳ್ಳಬಹುದು. ಆದರೆ ಜೂಮ್‌ನಲ್ಲಿ ಎಲ್ಲರೂ ಮೈಕ್ ಆನ್ ಮಾಡಿ ಒಟ್ಟಿಗೆ ಹಾಡಲು ಹೋಗಬೇಡಿ, ತಾಳ ತಪ್ಪಿಯೇ ತಪ್ಪುತ್ತದೆ. ಒಬ್ಬರ ದನಿ ಇನ್ನೊಬ್ಬರಿಗೆ ತಲುಪಲು ಸುಮಾರು 30 ಮಿಲಿಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಲಯ ಜಾರತೊಡಗುತ್ತದೆ. ವಿಡಿಯೋ ಕರೆಯಲ್ಲಿ ಇದಕ್ಕಿಂತ ಎಷ್ಟೋ ತಡ.

ಹೇಳಿಕೊಡುವವರ ಮೈಕ್ ಮಾತ್ರ ಆನ್ ಇರಲಿ, ಉಳಿದವರು ಮ್ಯೂಟ್ ಮಾಡಿಕೊಂಡು ಜೊತೆಗೆ ಹಾಡಲಿ. ಹೇಳಿಕೊಡುವವರು ಜೂಮ್‌ನ ‘ಒರಿಜಿನಲ್ ಸೌಂಡ್’ ಎಂಬ ಸೆಟ್ಟಿಂಗ್ ಆನ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ತಂಬೂರಿ ಶ್ರುತಿಯನ್ನೂ ಗದ್ದಲ ಅಂದುಕೊಂಡು ಜೂಮ್ ಅಡಗಿಸಿಬಿಡುತ್ತದೆ.

ಕಾರ್ಯಕ್ರಮಕ್ಕಾದರೆ ಎಲ್ಲರೂ ಇಯರ್‌ಫೋನ್‌ನಲ್ಲಿ ಒಂದೇ ಟ್ರ್ಯಾಕ್ ಕೇಳುತ್ತಾ ಮೊಬೈಲಲ್ಲಿ ರೆಕಾರ್ಡ್ ಮಾಡಿ ಕಳಿಸಲಿ, ಆಮೇಲೆ ಎಲ್ಲವನ್ನೂ ಒಂದಾಗಿ ಕೂಡಿಸಿ. 2010ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಎರಿಕ್ ವಿಟೇಕರ್ 12 ದೇಶಗಳ 185 ಜನರ ದನಿಯನ್ನು ಹೀಗೇ ಕೂಡಿಸಿದ್ದರು. ಲೈವ್ ಆಗಿಯೇ ಹಾಡಬೇಕು ಅಂದರೆ ಅದಕ್ಕೆಂದೇ ಇರುವ ‘ಜ್ಯಾಮುಲಸ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ವೈಫೈ ಬಿಟ್ಟು ಕೇಬಲ್ ಹಾಕಿ. ಹಾಡುವವರು ಹತ್ತಿರದ ಊರುಗಳಲ್ಲಿದ್ದರೆ ಒಳ್ಳೆಯದು.

ನನಗೆ ಬಹಳ ಇಷ್ಟವಾದದ್ದು ಅಮೆರಿಕದ ಸಂಗೀತ ಸಂಯೋಜಕಿ ಪಾಲಿನ್ ಆಲಿವೆರೋಸ್ ಮತ್ತು ಸಂಗಡಿಗರು ರೂಪಿಸಿದ ‘ಎಯುಎಂಐ’ ಎಂಬ ಉಚಿತ ತಂತ್ರಾಂಶ. ಕೈ ಆಡದ ಮಗು ಕ್ಯಾಮೆರಾ ಮುಂದೆ ತಲೆಯನ್ನು ಒಂಚೂರು ವಾಲಿಸಿದರೆ ಸಾಕು, ಪರದೆ ಮೇಲಿನ ಚುಕ್ಕಿ ಸರಿದು ಸ್ವರ ಹೊರಡುತ್ತದೆ. ಸುಮ್ನೆ ಕೂತು ಕೇಳುವುದಲ್ಲ, ಆ ಮಗುವೇ ನುಡಿಸುತ್ತದೆ.

ಕಣ್ಣು ಕಾಣದ ಸದಸ್ಯರಿದ್ದರೆ ಹಾಡಿನ ಸಾಹಿತ್ಯವನ್ನು ಫೋಟೋ ತೆಗೆದು ಕಳಿಸಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಪರದೆ ಮೇಲಿನ ಅಕ್ಷರಗಳನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಸರಿಯಾಗಿ ಓದುವುದು ಅದನ್ನೇ.