ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಕೋಶ ಸಿಗುತ್ತದಾ?

ನ್ಯಾನೊ ಕಣ ಹಾಕಿದರೆ ಒಂದೇ ಹನಿ ರಕ್ತದಲ್ಲಿ ಎಲ್ಲ ಕ್ಯಾನ್ಸರೂ ಮೊದಲೇ ಗೊತ್ತಾಗುತ್ತದಂತೆ, ನಿಜವಾ, ಅಮ್ಮನಿಗೆ ಮಾಡಿಸಲಾ ಅಂತ ಕೇಳಿದ್ದೀರಿ. ನ್ಯಾನೊ ಕಣದಿಂದ ರಕ್ತದಲ್ಲಿನ ಕ್ಯಾನ್ಸರ್ ಕೋಶ ಹಿಡಿಯುವ ಮಾತು ನಿಜ. ಹನಿಯ ಮಾತು ನಂಬಬೇಡಿ.

ನಾನು ಮೂರು ವರ್ಷ ಲ್ಯಾಬ್‌ನಲ್ಲಿ ಇದೇ ಕೆಲಸ ಮಾಡಿದವಳು. ಚಿಕ್ಕವರಿದ್ದಾಗ ಆಯಸ್ಕಾಂತಕ್ಕೆ ದಾರ ಕಟ್ಟಿ ಮರಳಲ್ಲಿ ಎಳೆದಾಡಿ ಕಪ್ಪು ಪುಡಿ ಸೇರಿಸುತ್ತಿದ್ದೆವಲ್ಲ, ಹೆಚ್ಚುಕಮ್ಮಿ ಅದೇ. ಇಲ್ಲಿರುವುದು ಕಬ್ಬಿಣದ ಆಕ್ಸೈಡಿನ ಕಣ, ನೂರಿನ್ನೂರು ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್) ಆಸುಪಾಸು, ಅದರ ಮೈಗೆ ಪ್ರತಿಕಾಯ, ಅಂದರೆ ಒಂದು ಗುರುತನ್ನೇ ಹುಡುಕಿ ಹಿಡಿಯುವ ಪ್ರೋಟೀನ್, ಅಂಟಿಸಿರುತ್ತಾರೆ. ಗಡ್ಡೆಯಿಂದ ಕಳಚಿಕೊಂಡು ರಕ್ತಕ್ಕೆ ಬಂದ ಎಷ್ಟೋ ಕೋಶಗಳ ಮೇಲೆ ಎಪ್‌ಕ್ಯಾಮ್ ಅನ್ನುವ ಪ್ರೋಟೀನ್ ಇರುತ್ತದೆ, ರಕ್ತಕಣಗಳ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಪ್ರತಿಕಾಯ ಅದನ್ನು ಕಚ್ಚಿ ಹಿಡಿಯುತ್ತದೆ. ಟ್ಯೂಬನ್ನು ಆಯಸ್ಕಾಂತದ ಪಕ್ಕ ಇಟ್ಟು ಸ್ವಲ್ಪ ಹೊತ್ತು ಕಾದರೆ ಒಳಗೋಡೆಗೆ ಒಂದು ಕಂದು ಗೆರೆ ಮೆತ್ತಿಕೊಳ್ಳುತ್ತದೆ. ನಮಗೆ ಬೇಕಾದದ್ದು ಆ ಗೆರೆಯಲ್ಲಿದೆ. ಜೊತೆಗೆ ಬೇಡದ ಬಿಳಿ ರಕ್ತಕಣಗಳೂ ಸುಮ್ನೆ ಅಂಟಿಕೊಂಡು ಬಂದಿರುತ್ತವೆ, ಹಾಗಾಗಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಒಂದೊಂದನ್ನೇ ನೋಡಬೇಕು.

ಈಗ ಲೆಕ್ಕ ನೋಡಿ. ಇದೇ ವಿಧಾನದ ಸೆಲ್‌ಸರ್ಚ್ ಅನ್ನುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಆಗಲೇ ಬೇರೆ ಅಂಗಕ್ಕೆ ಹರಡಿರುವ ಸ್ತನ ಕ್ಯಾನ್ಸರ್‌ಗೆ. ತೆಗೆದುಕೊಳ್ಳುವುದು 7.5 ಮಿಲಿ ರಕ್ತ. ಅದರಲ್ಲಿ ಐದು ಅಥವಾ ಜಾಸ್ತಿ ಕೋಶ ಸಿಕ್ಕಿದರೆ ಕಾಯಿಲೆ ಜೋರಾಗಿದೆ ಅಂತ ಅರ್ಥ. ಬರೀ ಐದು! ಅದೇ ಟ್ಯೂಬಿನಲ್ಲಿ ಕೆಂಪು ಕಣಗಳು ಮೂರು ಸಾವಿರ ಕೋಟಿ. ರಾಗಿ ರಾಶಿಯಲ್ಲಿ ಸಾಸಿವೆ ಹುಡುಕುವುದು ಇದರ ಮುಂದೆ ಸಲೀಸು. 7.5 ಮಿಲಿ ಅಂದರೆ ಸುಮಾರು 150 ಹನಿ, ಅಂದರೆ ಮೂವತ್ತು ಹನಿಗೆ ಒಂದು ಕೋಶ. ಹರಡಿದ ಕಾಯಿಲೆಗೇ ಇಷ್ಟು, ಇನ್ನು ಗೊತ್ತೇ ಆಗದಷ್ಟು ಚಿಕ್ಕ ಗಡ್ಡೆಗೆ ಎಷ್ಟು ಬಂದೀತು? ಬೆರಳು ಚುಚ್ಚಿದ ಆ ಹನಿಯಲ್ಲಿ ಹಿಡಿಯುವುದಕ್ಕೆ ಹೆಚ್ಚಿನ ಸಲ ಕೋಶವೇ ಇರುವುದಿಲ್ಲ, ಕಣ ಎಷ್ಟು ಜಾಣ ಆದರೇನು.

ಕೆಲಸ ಕಲಿಯುವಾಗ ಆರೋಗ್ಯವಂತರ ರಕ್ತಕ್ಕೆ ಲ್ಯಾಬ್‌ನಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶ ಎಣಿಸಿ ಹಾಕಿ, ಎಷ್ಟು ವಾಪಸ್ ಬರುತ್ತದೆ ಅಂತ ನೋಡುತ್ತೇವೆ. ಮೊದಲ ಸಲ ನಾನು ಐವತ್ತು ಹಾಕಿದ್ದೆ, ಸಿಕ್ಕಿದ್ದು ಹನ್ನೊಂದು. ತೊಳೆಯುವಾಗ ಪೈಪೆಟ್ ತುದಿ ಆ ಕಂದು ಗೆರೆಗೆ ತಾಗಿ ಅರ್ಧ ಸಿಂಕಿಗೆ ಹೋಗಿತ್ತು. ಕೈ ಪಳಗಿದ ಮೇಲೆ ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಕೋಶ ಚೆನ್ನಾಗಿ ಬರತೊಡಗಿದವು. ಆದರೆ ಎಂಡಿಎ-ಎಂಬಿ-231 ಹಾಕಿದರೆ ಎಲ್ಲ ಜಾರಿಕೊಳ್ಳುತ್ತಿದ್ದವು. ಅದೂ ಸ್ತನ ಕ್ಯಾನ್ಸರಿನದೇ, ಇನ್ನೂ ತುಂಟ ಜಾತಿ, ಅದರ ಮೈಮೇಲೆ ಎಪ್‌ಕ್ಯಾಮ್ ತೀರ ಕಡಿಮೆ. ನನಗೆ ತಲೆ ಕೆಡಿಸಿದ್ದು ಇದೇ: ಹರಡುವ ಹುಮ್ಮಸ್ಸಿನ ಕೋಶಗಳು ಎಷ್ಟೋ ಸಲ ಆ ಗುರುತನ್ನೇ ಕಳಚಿಕೊಂಡಿರುತ್ತವೆ. ಅದಕ್ಕೇ ಈಗ ಕೋಶ ಬಿಟ್ಟು ಅವು ಉಗುಳುವ ಎಕ್ಸೊಸೋಮ್‌ಗಳ ಹಿಂದೆ ಬಿದ್ದವರೂ ಇದ್ದಾರೆ. 30ರಿಂದ 150 ನ್ಯಾನೊಮೀಟರಿನ ಪುಟ್ಟ ಚೀಲಗಳು ಅವು, ಸಂಖ್ಯೆಯಲ್ಲಿ ಕೋಶಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ, ಆದರೆ ಆರೋಗ್ಯವಾಗಿರುವ ಕೋಶಗಳೂ ಅದನ್ನೇ ಉಗುಳುತ್ತವೆ ಅಲ್ವಾ, ಬೇರ್ಪಡಿಸುವುದು ಮತ್ತೊಂದು ತಲೆನೋವು.

ಅಮ್ಮ ಆರಾಮಾಗಿದ್ದಾರೆ ಅಂದರೆ ಆ ದುಡ್ಡಲ್ಲಿ ವೈದ್ಯರನ್ನು ಕೇಳಿ ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ಮಾಡಿಸಿ, ಗರ್ಭಕೊರಳಿನ ಪ್ಯಾಪ್ ಪರೀಕ್ಷೆಯನ್ನೂ ಕೇಳಿ. ಎಲ್ಲಾದರೂ ಗಂಟು ಕೈಗೆ ಸಿಕ್ಕಿದ್ದರೆ ರಕ್ತದ ರಿಪೋರ್ಟಿಗೆ ಕಾಯುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ, ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಖಾತ್ರಿ ಆಗಬೇಕಾದರೆ ಗಂಟಿನ ಚೂರು ತೆಗೆದು ನೋಡುವ ಬಯಾಪ್ಸಿಯೇ ಆಗಬೇಕು.