ಕಚೇರಿಗೆ ಲಿಬ್ರೆಆಫೀಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು ಪತ್ತಿನ ಸಹಕಾರ ಸಂಘ. 12 ಗಣಕಗಳಿವೆ, ಒಂದಕ್ಕೂ ವಿಂಡೋಸ್ 11 ಹಾಕಲು ಬರುವುದಿಲ್ಲ. ವಿಂಡೋಸ್ ಬದಲು ಲಿನಕ್ಸ್, ಎಂಎಸ್ ಆಫೀಸ್ ಬದಲು ಲಿಬ್ರೆಆಫೀಸಿಗೆ ಹೋಗುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಸಿಬ್ಬಂದಿ ಹೆದರಿದ್ದಾರೆ. ಎಲ್ಲಿಂದ ಶುರು ಮಾಡೋಣ?
– ಕಾರ್ಯದರ್ಶಿ, ಉಡುಪಿ

ಉತ್ತರ: ಎರಡನ್ನೂ ಒಂದೇ ದಿನ ಬದಲಿಸಬೇಡಿ. ಮೊದಲು ಈಗಿರುವ ವಿಂಡೋಸಿನ ಮೇಲೆಯೇ ಲಿಬ್ರೆಆಫೀಸ್ ಹಾಕಿ, ಕೈ ಪಳಗಲಿ, ಲಿನಕ್ಸ್ ಆಮೇಲೆ ಬರಲಿ. ಆದರೆ ವಿಂಡೋಸ್ 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಆದ್ದರಿಂದ ಈ ಹಂತವನ್ನು ಎರಡು ತಿಂಗಳಿಗಿಂತ ಎಳೆಯಬೇಡಿ, ಮಾರ್ಚ್ ಲೆಕ್ಕದ ಸಮಯಕ್ಕಂತೂ ತಾಗಿಸಲೇಬೇಡಿ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಇದ್ದರೆ ಅದಕ್ಕೆ ವಿಂಡೋಸೇ ಬೇಕು, ಅಷ್ಟಕ್ಕೆ ಒಂದು ಹೊಸ ಗಣಕ ತೆಗೆದಿಡಿ.

ತರಬೇತಿಗೆ ಮುಂಚೆ ನೀವೇ ಕುಳಿತು ಪ್ರತಿ ಗಣಕದಲ್ಲೂ ಎರಡು ಹೊಂದಾಣಿಕೆ ಮಾಡಿ. ವ್ಯೂ ಮೆನುವಿನ ಯೂಸರ್ ಇಂಟರ್‌ಫೇಸ್‌ನಲ್ಲಿ ‘ಟ್ಯಾಬ್ಡ್’ ಆರಿಸಿದರೆ ಪರದೆ ಹೆಚ್ಚುಕಡಿಮೆ ಹಳೆಯ ಎಂಎಸ್ ಆಫೀಸಿನಂತೆ ಕಾಣುತ್ತದೆ. ಬ್ಯಾಂಕಿಗೆ, ಆಡಿಟರಿಗೆ ಹೋಗಿಬರುವ ಕಡತಗಳೇ ಹೆಚ್ಚಾಗಿದ್ದರೆ ಟೂಲ್ಸ್, ಆಪ್ಷನ್ಸ್, ಲೋಡ್/ಸೇವ್, ಜನರಲ್‌ಗೆ ಹೋಗಿ ಡಾಕ್ಎಕ್ಸ್, ಎಕ್ಸೆಲ್‌ಎಸ್‌ಎಕ್ಸ್ ರೂಪದಲ್ಲೇ ಉಳಿಯುವಂತೆ ಮಾಡಿ. ಆಚೆಯವರು ಓದಿದರೆ ಸಾಕು ಎನ್ನುವಂಥದ್ದನ್ನು ಪಿಡಿಎಫ್ ಮಾಡಿ ಕಳಿಸಿ. ಒಂದೇ ಕಡತವನ್ನು ಇಲ್ಲಿ ವರ್ಡ್, ಅಲ್ಲಿ ಲಿಬ್ರೆಆಫೀಸಿನ ರೈಟರ್ ಎಂದು ತಿದ್ದುತ್ತಾ ಹೋದರೆ ಟೇಬಲ್ಲು, ಟೆಕ್ಸ್ಟ್ ಬಾಕ್ಸುಗಳು ಜಾಗ ಬಿಡುತ್ತವೆ. ಆಗ ಬೈಗುಳ ಸಾಫ್ಟ್‌ವೇರಿಗೆ ಬೀಳುತ್ತದೆ.

ಆಮೇಲೆ ಪ್ರತಿಯೊಬ್ಬರೂ ದಿನವೂ ತೆರೆಯುವ ಐದು ಕಡತಗಳನ್ನು ಕೇಳಿ ಪಡೆಯಿರಿ: ನೋಟಿಸು, ಠರಾವು, ಬಡ್ಡಿ ಪಟ್ಟಿ, ಏನಿದೆಯೋ ಅದು. ಅವನ್ನು ತೆರೆದು, ಮುದ್ರಿಸಿ, ಹಳೆಯ ಪ್ರತಿಯ ಮೇಲಿಟ್ಟು ನೋಡಿ. ಕ್ಯಾಲಿಬ್ರಿ ಫಾಂಟ್ ಇಲ್ಲದ ಕಡೆ ಕಾರ್ಲಿಟೊ, ಟೈಮ್ಸ್ ನ್ಯೂ ರೋಮನ್ ಬದಲು ಲಿಬರೇಶನ್ ಸೆರಿಫ್ ಇದ್ದರೆ ಅಕ್ಷರದ ಅಗಲ ಒಂದೇ, ಸಾಲು ಕದಲುವುದಿಲ್ಲ. ಕನ್ನಡದ ತುಂಗಾಕ್ಕೆ ಅಂಥ ಜೋಡಿ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿ ಪುಟವನ್ನು ಹೊಸದಾಗಿ ಹೊಂದಿಸಬೇಕು. ಮ್ಯಾಕ್ರೋ (ತಾನಾಗಿ ಕೆಲಸ ಮಾಡಿಸುವ ಆದೇಶಗಳು) ತುಂಬಿದ ಎಕ್ಸೆಲ್ ಕಡತ ಸಿಕ್ಕಿದರೆ ಅದನ್ನು ಸದ್ಯ ವಿಂಡೋಸ್ ಇರುವ ಗಣಕದಲ್ಲೇ ಬಿಡಿ.

ಕಲಿಸುವುದು ಅವರವರ ಮೇಜಿನಲ್ಲಿ, ಅವರದೇ ಕಡತದಲ್ಲಿ, ದಿನಕ್ಕೆ ಅರ್ಧ ಗಂಟೆ. ಇಡೀ ದಿನದ ಶಿಬಿರದಲ್ಲಿ ಹೇಳಿದ್ದು ಮರುದಿನ ಕೌಂಟರಿನಲ್ಲಿ ಗಿರಾಕಿ ನಿಂತಾಗ ನೆನಪಾಗುವುದಿಲ್ಲ. ಬೆರಳು ತಪ್ಪುವ ಜಾಗಗಳನ್ನು ಮೊದಲೇ ಹೇಳಿಬಿಡಿ: ಒಂದೇ ಸೆಲ್ಲಿನಲ್ಲಿ ಹೊಸ ಸಾಲಿಗೆ ಎಕ್ಸೆಲ್‌ನಲ್ಲಿ ಆಲ್ಟ್ ಎಂಟರ್, ಅದರ ಜಾಗದ ಲಿಬ್ರೆಆಫೀಸಿನ ಕ್ಯಾಲ್ಕ್‌ನಲ್ಲಿ ಕಂಟ್ರೋಲ್ ಎಂಟರ್. ಸೆಲ್ ಖಾಲಿ ಮಾಡಲು ಡಿಲೀಟ್ ಒತ್ತಬೇಕು. ಬ್ಯಾಕ್‌ಸ್ಪೇಸ್ ಒತ್ತಿದರೆ ‘ಏನನ್ನು ಅಳಿಸಲಿ’ ಎಂದು ಕೇಳುವ ಕಿಟಕಿ ಬರುತ್ತದೆ. ಇಷ್ಟು ಸಣ್ಣದಕ್ಕೇ ಜನ ಬೇಸತ್ತು ಹಳೆಯದಕ್ಕೆ ಮರಳುವುದು.

ಪ್ರಶ್ನೆ: ಕನ್ನಡದ ನುಡಿ ತಂತ್ರಾಂಶದಲ್ಲಿ ಮಾಡಿದ ಹತ್ತು ವರ್ಷದ ಕಡತಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಎಲ್ಲವೂ ಹಾಳಾದವೇ?
– ಓದುಗರು, ಮಂಗಳೂರು

ಉತ್ತರ: ಒಂದಕ್ಷರವೂ ಹಾಳಾಗಿಲ್ಲ. ಹಳೆಯ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಚಿತ್ರ ಕೂರಿಸುತ್ತವೆ. ಫಾಂಟ್ ಇಲ್ಲದಿದ್ದರೆ ಕೆಳಗಿನ ಸಂಕೇತ ಬಯಲಾಗುತ್ತದೆ, ಅಷ್ಟೆ. ಹಳೆಯ ಗಣಕದಿಂದ ಆ ಫಾಂಟ್ ಕಡತಗಳನ್ನು ತಂದು ಲಿನಕ್ಸ್‌ನಲ್ಲಿ ಸ್ಥಾಪಿಸಿದರೆ ಓದಲು, ಮುದ್ರಿಸಲು ಅಡ್ಡಿಯಿಲ್ಲ. ಅಂಥ ಕಡತ ತಿದ್ದುವ ಮುನ್ನ ಟೂಲ್ಸ್ ಮೆನುವಿನ ಆಟೋಕರೆಕ್ಟ್‌ಗೆ ಹೋಗಿ, ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಆಯ್ಕೆಯನ್ನು ತೆಗೆಯಿರಿ. ನುಡಿಯಲ್ಲಿ ಸಣ್ಣಕ್ಷರ ದೊಡ್ಡಕ್ಷರ ಬೇರೆಬೇರೆ ಕನ್ನಡ ರೂಪಗಳಾದ್ದರಿಂದ ಪದವೇ ಬದಲಾದೀತು.

ಹಳೆಯದನ್ನೆಲ್ಲ ಯುನಿಕೋಡಿಗೆ (ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಪದ್ಧತಿಗೆ) ಪರಿವರ್ತಿಸುತ್ತಾ ಕೂರಬೇಡಿ. ಮತ್ತೆಮತ್ತೆ ಬಳಸುವ ಮಾದರಿಗಳನ್ನು ಮಾತ್ರ, ನಕಲು ಇಟ್ಟುಕೊಂಡು, ಪರಿವರ್ತಿಸಿ. ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕವು ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಅರ್ಕಾವೊತ್ತುಗಳನ್ನು ಕಣ್ಣಿಟ್ಟು ಓದಿ: ‘ಕಾರ್ಯದರ್ಶಿ’, ‘ವಾರ್ಷಿಕ’ದಂಥ ಪದಗಳಲ್ಲೇ ತಪ್ಪು ಅಡಗಿರುತ್ತದೆ.

ಟೈಪಿಂಗ್ ಹೊಸದಾಗಿ ಕಲಿಯಬೇಕಿಲ್ಲ. ಲಿನಕ್ಸಿನಲ್ಲಿ ಬೇರೆಬೇರೆ ಭಾಷೆಯ ಕೀಲಿಮಣೆ ನಡೆಸುವ ತಂತ್ರಾಂಶವಾದ ಐಬಸ್‌ನಲ್ಲಿ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟು ಸೇರಿಸಿ ಕನ್ನಡದ ಕೆಜಿಪಿ (ನುಡಿಯ ಕೀಲಿ ವಿನ್ಯಾಸ) ಆರಿಸಿದರೆ ಒತ್ತಕ್ಷರಕ್ಕೆ ಅದೇ ‘ಎಫ್’ ಕೀಲಿ. ಆ ವಿನ್ಯಾಸದ ಬೇರು ಇರುವುದು ನಿಮ್ಮ ಪಕ್ಕದ ಕಿನ್ನಿಕಂಬಳದ ಕೆ.ಪಿ. ರಾಯರ ಕೀಲಿಮಣೆಯಲ್ಲಿ. ಈ ಊರಿನವರು ಅದನ್ನು ಬಿಟ್ಟುಕೊಡುವ ಅಗತ್ಯವೇ ಇಲ್ಲ.

ಪ್ರಶ್ನೆ: ಕ್ಯಾಲ್ಕ್‌ನಲ್ಲಿ 03/04/2025 ಎಂದು ಹಾಕಿದರೆ ಮಾರ್ಚ್ 4 ಆಗುತ್ತದೆ. ಏನು ಮಾಡಲಿ?
– ಲೆಕ್ಕಿಗರು, ಕುಂದಾಪುರ

ಉತ್ತರ: ಟೂಲ್ಸ್, ಆಪ್ಷನ್ಸ್‌ನಲ್ಲಿ ಭಾಷೆಯ ವಿಭಾಗ ತೆರೆದು ಲೊಕೇಲ್ (ಯಾವ ದೇಶದ ರೂಢಿ ಎಂಬ ಆಯ್ಕೆ) ಅನ್ನು ‘ಇಂಗ್ಲಿಷ್ (ಇಂಡಿಯಾ)’ ಮಾಡಿ. ದಿನ ಮೊದಲು, ತಿಂಗಳು ಆಮೇಲೆ ಬರುತ್ತದೆ, ರೂಪಾಯಿ ಚಿಹ್ನೆಯೂ ಸಿಗುತ್ತದೆ. ಈಗಾಗಲೇ ತಪ್ಪಾಗಿ ಕೂತ ದಿನಾಂಕಗಳು ತಾವಾಗಿ ಸರಿಯಾಗುವುದಿಲ್ಲ. 13ನೇ ತಾರೀಕಿನಿಂದ ಮುಂದಿನವು ದಿನಾಂಕವಾಗದೆ ಬರಿಯ ಪಠ್ಯವಾಗಿ ಎಡಕ್ಕೆ ಅಂಟಿರುತ್ತವೆ, ಅವು ಕಣ್ಣಿಗೆ ಬೀಳುತ್ತವೆ. 12ರವರೆಗಿನವು ಸರಿಯಿದ್ದಂತೆ ಕಂಡು ಬಡ್ಡಿ ಲೆಕ್ಕ ಕೆಡಿಸುತ್ತವೆ. ಅವನ್ನು ವೋಚರು ಹಿಡಿದು ಒಂದೊಂದಾಗಿ ತಾಳೆ ನೋಡಿ.