ನ್ಯಾನೋ ವಸ್ತುಗಳ ಲೋಕದಲ್ಲಿ ಲೆಕ್ಕ ಮೊದಲೋ, ಪ್ರಯೋಗ ಮೊದಲೋ?

ಪ್ರಶ್ನೆ: ನಾನು ಭೌತವಿಜ್ಞಾನದ ಎಂ.ಎಸ್‌ಸಿ. ವಿದ್ಯಾರ್ಥಿನಿ. ನ್ಯಾನೋ ವಸ್ತುಗಳನ್ನು ಪ್ರಯೋಗಾಲಯದಲ್ಲೇ ತಯಾರಿಸಿ ಅಳೆಯಬಹುದಾದ ಈ ಕಾಲದಲ್ಲಿ, ಸಮೀಕರಣಗಳನ್ನು ಬಿಡಿಸುವ ಸೈದ್ಧಾಂತಿಕ ವಿಜ್ಞಾನಿಗೆ ಅಲ್ಲಿ ಏನು ಕೆಲಸ?

ಉತ್ತರ: ನ್ಯಾನೋ ವಸ್ತುಗಳಲ್ಲೊಂದಾದ ಗ್ರಾಫೀನ್‌ನ ಚರಿತ್ರೆಯಲ್ಲಿ ಲೆಕ್ಕವೇ ಮೊದಲು ಬಂದಿತು, ಅದೂ ಎರಡು ಸಲ. ಇಂಗಾಲದ ಪರಮಾಣುಗಳು ಜೇನುಹಟ್ಟಿಯ ಕಣ್ಣುಗಳಂತೆ ಹೆಣೆದುಕೊಂಡ, ಒಂದೇ ಪರಮಾಣುವಿನಷ್ಟು ದಪ್ಪದ ಈ ಹಾಳೆಯಲ್ಲಿ ಎಲೆಕ್ಟ್ರಾನುಗಳ ಶಕ್ತಿ ಹೇಗಿರಬೇಕೆಂದು ಫಿಲಿಪ್ ವಾಲೇಸ್ 1947ರಲ್ಲೇ ಲೆಕ್ಕ ಹಾಕಿದ್ದರು. ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೋವ್ ಅಂಟುಪಟ್ಟಿಯಿಂದ ಗ್ರಾಫೈಟಿನ ಪದರಗಳನ್ನು ಎಬ್ಬಿಸಿ ಅದನ್ನು ಬೇರ್ಪಡಿಸಿದ ವಿವರ ಪ್ರಕಟವಾದದ್ದು 2004ರಲ್ಲಿ.

ಎರಡನೆಯ ಪ್ರಸಂಗ ನನಗೆ ಇನ್ನೂ ಪ್ರಿಯವಾದದ್ದು. ಸೊಳ್ಳೆಪರದೆಯ ಎರಡು ಪದರಗಳನ್ನು ಒಂದರ ಮೇಲೊಂದಿಟ್ಟು ತುಸು ತಿರುಗಿಸಿದರೆ, ಬಲೆಯ ಕಣ್ಣುಗಳಿಗಿಂತ ಎಷ್ಟೋ ದೊಡ್ಡದಾದ ವಿನ್ಯಾಸವೊಂದು ಮೂಡುತ್ತದೆ. ಎರಡು ಗ್ರಾಫೀನ್ ಹಾಳೆಗಳನ್ನು ಸುಮಾರು 1 ಡಿಗ್ರಿಯಷ್ಟು ತಿರುಗಿಸಿಟ್ಟಾಗಲೂ ಹೀಗೆಯೇ ಆಗುತ್ತದೆ. 13–14 ನ್ಯಾನೋಮೀಟರಿಗೊಮ್ಮೆ ಮರುಕಳಿಸುವ ಆ ವಿನ್ಯಾಸದ ಒಂದೊಂದು ಘಟಕದಲ್ಲಿ 10 ಸಾವಿರಕ್ಕೂ ಹೆಚ್ಚು ಪರಮಾಣುಗಳಿರುತ್ತವೆ. ಪ್ರತಿಯೊಂದನ್ನೂ ಲೆಕ್ಕಕ್ಕೆ ಹಿಡಿಯುವುದು ಬಹಳ ಶ್ರಮದ ಕೆಲಸ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ರಫಿ ಬಿಸ್ಟ್ರಿಟ್ಜರ್ ಮತ್ತು ಆಲನ್ ಮ್ಯಾಕ್‌ಡೊನಾಲ್ಡ್ ಬಿಡಿ ಪರಮಾಣುಗಳ ಗೊಡವೆಯನ್ನೇ ಬಿಟ್ಟು, ಎಲೆಕ್ಟ್ರಾನು ಒಂದು ಹಾಳೆಯಲ್ಲಿ ಸಾಗುವ ಬಗೆ ಮತ್ತು ಒಂದರಿಂದ ಇನ್ನೊಂದಕ್ಕೆ ದಾಟುವ ಬಗೆ, ಇವೆರಡನ್ನು ಮಾತ್ರ ಉಳಿಸಿಕೊಂಡರು. ಯಾವುದನ್ನು ಕೈಬಿಟ್ಟರೂ ಭೌತಸತ್ಯ ಕೆಡುವುದಿಲ್ಲ ಎಂದು ಗುರುತಿಸುವ ಈ ವಿವೇಚನೆಯೇ ಸೈದ್ಧಾಂತಿಕ ಸಂಶೋಧನೆಯ ಜೀವಾಳ ಎಂದು ನಾನು ನಂಬಿದ್ದೇನೆ.

ಅವರು 2011ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಸಾಮಾನ್ಯ ಗ್ರಾಫೀನ್‌ನಲ್ಲಿ ಬೆಳಕಿನ ವೇಗದ ಸುಮಾರು 300ನೇ ಒಂದು ಭಾಗದಷ್ಟು ವೇಗದಿಂದ ಓಡುವ ಎಲೆಕ್ಟ್ರಾನುಗಳು, ತಿರುವು ಸುಮಾರು 1.05 ಡಿಗ್ರಿ ಇದ್ದಾಗ ಹೆಚ್ಚುಕಡಿಮೆ ನಿಂತೇಬಿಡುತ್ತವೆ. ಚಲನೆಯ ಶಕ್ತಿ ಕುಗ್ಗಿದಾಗ ಅವುಗಳ ಪರಸ್ಪರ ವಿಕರ್ಷಣೆಯ ಕೈ ಮೇಲಾಗುವುದರಿಂದ, ಬಿಡಿ ಎಲೆಕ್ಟ್ರಾನಿನ ಲೆಕ್ಕದಿಂದ ಊಹಿಸಲಾಗದ ಸಾಮೂಹಿಕ ವರ್ತನೆಗಳಿಗೆ ಅಲ್ಲಿ ಅವಕಾಶವಾಗುತ್ತದೆ. 2018ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಪಾಬ್ಲೊ ಹರಿಯೊ-ಎರೆರೊ ಅವರ ತಂಡ ಆ ಕೋನದ ಸಮೀಪದಲ್ಲೇ, ಸುಮಾರು 1.7 ಕೆಲ್ವಿನ್‌ಗಿಂತ ಕೆಳಗಿನ ತಾಪಮಾನದಲ್ಲಿ, ಅತಿವಾಹಕತೆಯನ್ನು, ಅಂದರೆ ವಿದ್ಯುತ್ತು ಯಾವ ತಡೆಯೂ ಇಲ್ಲದೆ ಹರಿಯುವ ಸ್ಥಿತಿಯನ್ನು, ಕಂಡಿತು.

ಆದರೆ 2011ರ ಲೆಕ್ಕ ಅತಿವಾಹಕತೆಯನ್ನು ನುಡಿದಿರಲಿಲ್ಲ. ಎಲ್ಲಿ ಹುಡುಕಬೇಕೆಂಬುದನ್ನಷ್ಟೇ ತೋರಿಸಿತ್ತು. ಅತಿವಾಹಕತೆಗೆ ಎಲೆಕ್ಟ್ರಾನುಗಳು ಜೋಡಿಯಾಗಬೇಕು; ಪರಸ್ಪರ ದೂರ ತಳ್ಳುವ ಅವು ಅಲ್ಲಿ ಜೋಡಿಯಾಗುವುದು ಯಾವ ಕಾರಣದಿಂದ ಎಂಬ ಬಗ್ಗೆ ಒಮ್ಮತ ಮೂಡಿಲ್ಲ. ನೀವು ಕೇಳಿದ ಕೆಲಸ ಅಲ್ಲಿ ಧಾರಾಳವಾಗಿದೆ.